ಚಿಕ್ಕಿಯ ಹಲ್ಲು, ಬಿಣಗಾದ ಪಾದರಸ

ಕೇಣಿಯ ನನ್ನ ಚಿಕ್ಕಿಯ ಬಾಯಲ್ಲಿ ಮೂರು ಬೆಳ್ಳಿ ಫಿಲ್ಲಿಂಗುಗಳಿದ್ದವು. ಇಪ್ಪತ್ತು ವರ್ಷದ ಹಿಂದೆ ದವಡೆ ಹಲ್ಲು ಹುಳುಕಾದಾಗ ತುಂಬಿಸಿಕೊಂಡದ್ದು. ಆ ಹಲ್ಲುಗಳಲ್ಲೇ ಅವಳು ಇಷ್ಟು ಕಾಲ ಕಬ್ಬು ಸಿಗಿದಿದ್ದಾಳೆ, ಒಣ ಬಂಗಡೆ ಜಗಿದಿದ್ದಾಳೆ, ಮೀನುಪೇಟೆಯಲ್ಲಿ ಗಿರಾಕಿಗಳ ಜೊತೆ ಜಗಳ ಮಾಡುವಾಗ ಹಲ್ಲು ಕಡಿದಿದ್ದಾಳೆ. ಕಳೆದ ವರ್ಷ ಮಂಡಿನೋವು ಜೋರಾಯಿತು, ರಾತ್ರಿ ನಿದ್ದೆ ಹತ್ತದಾಯಿತು. ಯಾರೋ ಹೇಳಿದರೆಂದು ದೂರದ ಊರಿನ ಒಂದು ‘ಸಮಗ್ರ ದಂತ ಚಿಕಿತ್ಸೆ’ಯ ಕ್ಲಿನಿಕ್ಕಿಗೆ ಹೋದಳು. ಅಲ್ಲಿಯವರು ಬಾಯಿ ತೆರೆಸಿ ನೋಡಿ, ಮಂಡಿಗೂ ನಿದ್ದೆಗೂ ಮರೆವಿಗೂ ಹಲ್ಲಿನೊಳಗಿನ ಪಾದರಸವೇ ಕಾರಣ ಎಂದರು. ಮೂರನ್ನೂ ಕೊರೆದು ತೆಗೆದು ಬಿಳಿ ಕಾಂಪೋಸಿಟ್ ತುಂಬಿದರು. ಆಮೇಲೆ ಆರು ವಾರ ‘ಡಿಟಾಕ್ಸ್’ ಪುಡಿ. ಖರ್ಚಿಗೆ ಕಿವಿಯ ಬೆಂಡೋಲೆ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಮೂರರಲ್ಲಿ ಒಂದು ಹಲ್ಲು ಮರುಕೊರೆತ ತಾಳದೆ ನೋಯತೊಡಗಿ, ರೂಟ್ ಕೆನಾಲ್ ಆಗಿ, ಕೊನೆಗೆ ಕಿತ್ತೇ ಹೋಯಿತು. ಮಂಡಿನೋವು ಮಾತ್ರ ಇದ್ದಲ್ಲೇ ಇದೆ.

“ಇಪ್ಪತ್ತು ವರ್ಷ ಬಾಯೊಳಗೆ ವಿಷ ಇಟ್ಕಂಡೇ ಬದ್ಕಿದೆ ಹೇಳಾಯ್ತಲ ತಮಾ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಚಾವಾದೆ ಎಂಬ ಸಮಾಧಾನವಿತ್ತು. ನನಗೆ ಹೆಚ್ಚು ಚುಚ್ಚಿದ್ದು ಅದೇ.

ಈ ಕತೆಯಲ್ಲಿ ನನ್ನ ಪಾಲೂ ಇದೆ. ಕರಾವಳಿಯ ಕೆಸರಿನಲ್ಲಿ ಸೇರುವ ಲೋಹಗಳ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಹಲ್ಲು ಕೊರೆಸುವ ಮೊದಲು ಚಿಕ್ಕಿ ಫೋನು ಮಾಡಿ, ಪಾದರಸ ವಿಷ ಹೌದಾ ಎಂದು ಕೇಳಿದ್ದಳು. ಲ್ಯಾಬಿನ ಗಡಿಬಿಡಿಯಲ್ಲಿದ್ದ ನಾನು “ಹೌದು, ವಿಷವೇ” ಎಂದು ಹೇಳಿ ಇಟ್ಟುಬಿಟ್ಟೆ. ಮಾತು ಸುಳ್ಳಲ್ಲ. ಆದರೆ ಯಾವ ಪಾದರಸ, ಎಷ್ಟು, ಯಾವ ದಾರಿಯಿಂದ ಮೈಸೇರಿದ್ದು ಎಂಬುದನ್ನು ಬಿಟ್ಟು ಹೇಳಿದ ಅಂಥ ಅರ್ಧ ನಿಜದ ಮೇಲೆಯೇ ಈ ಕ್ಲಿನಿಕ್ಕುಗಳ ವ್ಯಾಪಾರ ನಿಂತಿದೆ.

ಬೆಳ್ಳಿ ಫಿಲ್ಲಿಂಗ್ ಎಂದು ನಾವು ಕರೆಯುವುದು ಅಮಾಲ್ಗಮ್. ತೂಕದಲ್ಲಿ ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಕಲಸಿದಾಗ ಮೆತ್ತಗಿದ್ದು, ಹಲ್ಲಿನ ಕುಳಿಯಲ್ಲಿ ತುಂಬಿದ ಮೇಲೆ ಗಟ್ಟಿಯಾಗುತ್ತದೆ. ಜಗಿಯುವಾಗ ಅದರಿಂದ ಅತ್ಯಲ್ಪ ಪಾದರಸದ ಆವಿ ಏಳುತ್ತದೆ, ದಿನಕ್ಕೆ ಕೆಲವು ಮೈಕ್ರೋಗ್ರಾಂನಷ್ಟು. ಇದನ್ನು ಯಾರೂ ಅಲ್ಲಗಳೆದಿಲ್ಲ. ಅಷ್ಟರಿಂದ ಮೈಗೆ ಕೇಡಾಗುತ್ತದೆಯೇ ಎಂಬುದು ಪ್ರಶ್ನೆ. ಇದನ್ನು ಪರೀಕ್ಷಿಸಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಒಂದು ನ್ಯೂ ಇಂಗ್ಲೆಂಡಿನ 534 ಮಕ್ಕಳ ಮೇಲೆ, ಇನ್ನೊಂದು ಲಿಸ್ಬನ್ನಿನ 507 ಮಕ್ಕಳ ಮೇಲೆ. ಅರ್ಧ ಮಕ್ಕಳಿಗೆ ಅಮಾಲ್ಗಮ್, ಅರ್ಧ ಮಕ್ಕಳಿಗೆ ಬೇರೆ ಫಿಲ್ಲಿಂಗ್ ಹಾಕಿ ವರ್ಷಗಟ್ಟಲೆ ಗಮನಿಸಿದರು. ಅಮಾಲ್ಗಮ್ ಇದ್ದವರ ಮೂತ್ರದಲ್ಲಿ ಪಾದರಸ ತುಸು ಹೆಚ್ಚಿತ್ತು. ಬುದ್ಧಿಶಕ್ತಿ, ನೆನಪು, ನರಗಳ ಕೆಲಸದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಅಮೆರಿಕದ ಎಫ್‌ಡಿಎ, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ಮೂತ್ರಪಿಂಡ ಅಥವಾ ನರದ ತೊಂದರೆಯಿರುವವರಿಗೆ ಹೊಸದಾಗಿ ಅಮಾಲ್ಗಮ್ ಹಾಕದಿರುವುದು ಒಳ್ಳೆಯದು ಎಂದಿತು. ಅದೇ ಉಸಿರಿನಲ್ಲಿ, ಗಟ್ಟಿಯಾಗಿರುವ ಹಳೆಯ ಫಿಲ್ಲಿಂಗನ್ನು ವೈದ್ಯಕೀಯ ಅಗತ್ಯವಿಲ್ಲದೆ ತೆಗೆಸಬೇಡಿ ಎಂದೂ ಹೇಳಿತು. ಕೊರೆಯುವಾಗಲೇ ಹೆಚ್ಚು ಆವಿ ಏಳುವುದು, ಜೊತೆಗೆ ಒಳ್ಳೆಯ ಹಲ್ಲಿನ ಭಾಗವೂ ಕೊರೆದು ಹೋಗುವುದು. ಅಂದರೆ ಚಿಕ್ಕಿಯ ಬಾಯಿಗೆ ಇಪ್ಪತ್ತು ವರ್ಷದಲ್ಲಿ ಒಮ್ಮೆಗೇ ಹೆಚ್ಚು ಪಾದರಸ ಬಿದ್ದ ದಿನ ಯಾವುದಾದರೂ ಇದ್ದರೆ, ಅದು ‘ವಿಷ ತೆಗೆದ’ ದಿನವೇ.

ಈ ಭಯಕ್ಕೆ ಹಳೆಯ ಚರಿತ್ರೆಯಿದೆ. 1830ರ ದಶಕದಲ್ಲಿ ಕ್ರಾಕೋರ್ ಸಹೋದರರು ನ್ಯೂಯಾರ್ಕಿಗೆ ಬಂದು ರಾಜಮನೆತನದ ಹೆಸರು ಹಚ್ಚಿದ ಅಮಾಲ್ಗಮ್ ಮಾರಿದರು. ಚಿನ್ನ ತುಂಬುತ್ತಿದ್ದ ದಂತವೈದ್ಯರು ರೊಚ್ಚಿಗೆದ್ದು, ತಮ್ಮ ಸಂಘದ ಸದಸ್ಯರಿಂದ ಅಮಾಲ್ಗಮ್ ಮುಟ್ಟುವುದಿಲ್ಲವೆಂಬ ಪ್ರತಿಜ್ಞೆ ಬರೆಸಿಕೊಂಡರು. ಆ ಜಗಳದಲ್ಲಿ ಸಂಘವೇ 1856ರ ಹೊತ್ತಿಗೆ ಮುಳುಗಿತು. ಇಪ್ಪತ್ತನೆಯ ಶತಮಾನದಲ್ಲಿ ಕೊಲೊರಾಡೊದ ಹ್ಯಾಲ್ ಹಗಿನ್ಸ್ ಎಂಬ ದಂತವೈದ್ಯ ಹತ್ತಾರು ಕಾಯಿಲೆಗಳನ್ನು ಬೆಳ್ಳಿ ಫಿಲ್ಲಿಂಗಿನ ತಲೆಗೆ ಕಟ್ಟಿ ಪ್ರಸಿದ್ಧನಾದ. 1996ರಲ್ಲಿ ಅವನ ಪರವಾನಗಿ ರದ್ದಾಯಿತು. ಅವನ ಮಾತುಗಳು ಮಾತ್ರ ರದ್ದಾಗಲಿಲ್ಲ. ಮೂವತ್ತು ವರ್ಷ ಕಳೆದು, ಕಡಲು ದಾಟಿ, ಕನ್ನಡದ ಕರಪತ್ರವಾಗಿ ನನ್ನ ಚಿಕ್ಕಿಯ ಕೈಗೆ ಬಂದಿವೆ.

ಕರಪತ್ರದಲ್ಲಿ ಒಂದು ಪರೀಕ್ಷೆಯೂ ಇದೆ. ಮೊದಲು ಲೋಹ ಹೊರಹಾಕುವ ಔಷಧಿ ಕೊಡುತ್ತಾರೆ, ಆಮೇಲೆ ಮೂತ್ರ ಅಳೆಯುತ್ತಾರೆ. ಪಾದರಸದ ಅಂಕಿ ಏರಿರುತ್ತದೆ. ಏರದೆ ಇನ್ನೇನು? ಮೀನು ತಿನ್ನುವ ಯಾರಿಗೆ ಆ ಔಷಧಿ ಕೊಟ್ಟರೂ ಏರುತ್ತದೆ. ಔಷಧಿ ಕೊಡದೆ ಅಳೆದ ಮೂತ್ರದ ಮಾಪನದ ಪಕ್ಕದಲ್ಲಿ ಆ ಅಂಕಿಯನ್ನಿಟ್ಟು ಹೆದರಿಸುವುದು ತಕ್ಕಡಿಯಲ್ಲಿ ಬೆರಳಿಡುವ ಕೆಲಸ. ಮೀನುಪೇಟೆಯಲ್ಲಿ ಹಾಗೆ ಮಾಡಿದರೆ ಚಿಕ್ಕಿ ಸುಮ್ಮನಿರುತ್ತಿರಲಿಲ್ಲ.

ಇನ್ನೊಂದು ತಮಾಷೆ. ಪಾದರಸ ಎಂದರೆ ಬೆಚ್ಚಿಬೀಳುವ ಇದೇ ‘ನೈಸರ್ಗಿಕ’ ಲೋಕದಲ್ಲಿ ರಸಸಿಂಧೂರ, ಮಕರಧ್ವಜಗಳೂ ಸಲೀಸಾಗಿ ಮಾರಾಟವಾಗುತ್ತವೆ. ಎರಡೂ ಪಾದರಸದ ಮದ್ದುಗಳೇ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ನಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಚಿಕ್ಕಿಗೆ ಕೊಟ್ಟ ಪುಡಿಯಲ್ಲಿ ಏನಿತ್ತೆಂದು ಡಬ್ಬಿಯ ಮೇಲೆ ಬರೆದಿರಲಿಲ್ಲ.

ಹಾಗೆಂದು ನಾನು ಅಮಾಲ್ಗಮ್ಮಿನ ವಕೀಲನಲ್ಲ. ‘ಪೂರ್ತಿ ಸುರಕ್ಷಿತ, ಚಿಂತೆ ಬೇಡ’ ಎಂದು ಹೇಳಿ ಬಾಗಿಲು ಹಾಕಿಕೊಂಡ ದಂತವೈದ್ಯ ವೃತ್ತಿಯ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಪಾದರಸದ ಅಪಾಯ ರೋಗಿಯ ಹಲ್ಲಿಗಿಂತ ಹೆಚ್ಚಾಗಿ ಇದ್ದದ್ದು ಕುರ್ಚಿಯ ಆಚೆ ಬದಿಯಲ್ಲಿ. ಒರಳಲ್ಲಿ ಪಾದರಸ ಅರೆದು, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಹಿಂಡಿ, ಅಂಗೈಯಲ್ಲಿ ನಾದಿ ಕೊಡುತ್ತಿದ್ದ ಕಾಲವೊಂದಿತ್ತು. ಆ ಕೆಲಸ ಮಾಡಿದ ಸಹಾಯಕಿಯರ ಉಸಿರನ್ನು ಅಳೆದವರು ಕಡಿಮೆ. ಉಳಿಕೆ ಚೂರುಗಳು ಸಿಂಕಿನಿಂದ ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕಡಲಿಗೆ. ಜಗತ್ತು ಈಗ ಅಮಾಲ್ಗಮ್ ಕೈಬಿಡುತ್ತಿರುವುದು ಮುಖ್ಯವಾಗಿ ಈ ಕಾರಣಕ್ಕೆ. ಪಾದರಸದ ಮಿನಮಾಟಾ ಒಪ್ಪಂದ 2013ರಲ್ಲಿ ಆಯಿತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಐರೋಪ್ಯ ಒಕ್ಕೂಟ 2025ರ ಜನವರಿಯಿಂದ ಅಮಾಲ್ಗಮ್ ಬಳಕೆ ನಿಲ್ಲಿಸಿದೆ. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು 2034ರೊಳಗೆ ಇದನ್ನು ಎಲ್ಲೆಡೆ ಕೊನೆಗಾಣಿಸಲು ಒಪ್ಪಿವೆ. ಇದನ್ನೇ ಹಿಡಿದು ಕ್ಲಿನಿಕ್ಕಿನವರು ‘ನೋಡಿ, ವಿಶ್ವವೇ ನಿಷೇಧಿಸಿತು, ನಿಮ್ಮ ಬಾಯಲ್ಲಿರುವುದನ್ನು ತೆಗೆಸಿ’ ಎನ್ನುತ್ತಾರೆ. ಒಪ್ಪಂದ ಹೇಳುವುದು ಹೊಸದು ಹಾಕುವುದನ್ನು ನಿಲ್ಲಿಸಿ ಎಂದು. ಹಳೆಯದನ್ನು ಅಗೆಯಿರಿ ಎಂದು ಎಲ್ಲೂ ಹೇಳಿಲ್ಲ. ಎಲ್ಲರೂ ಅಗೆಸತೊಡಗಿದರೆ ಆ ಪಾದರಸವೆಲ್ಲ ಹೋಗುವುದು ಎಲ್ಲಿಗೆ? ಅದೇ ಸಿಂಕಿಗೆ.

ಮಿನಮಾಟಾ ಹೆಸರು ಬಂದದ್ದರಿಂದ ನಮ್ಮೂರಿನ ಮಾತಿಗೆ ಬರುತ್ತೇನೆ. ಜಪಾನಿನ ಆ ಊರಿನವರು ಮೀನುಗಾರರು, ನಮ್ಮಂತೆ. ಚಿಸ್ಸೊ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀಥೈಲ್ ಪಾದರಸವಾಗಿ ಮೀನಿಗೆ ಸೇರಿ, ಮೀನಿನಿಂದ ಮನುಷ್ಯರ ನರಕ್ಕೆ ಸೇರಿತು. 1956ರಲ್ಲಿ ಆ ಕಾಯಿಲೆ ಅಧಿಕೃತವಾಗಿ ದಾಖಲಾಯಿತು. ಹಲ್ಲಿನ ಅಮಾಲ್ಗಮ್ಮಿನ ಆವಿಗೂ ಈ ಮೀಥೈಲ್ ಪಾದರಸಕ್ಕೂ ಅಜಗಜಾಂತರ. ಕರಪತ್ರದವರು ಮಿನಮಾಟಾದ ಮಕ್ಕಳ ಚಿತ್ರ ಹಾಕಿ ಹಲ್ಲು ಕೊರೆಯುವುದು ಅದಕ್ಕಾಗಿಯೇ ಅಸಹ್ಯ.

ಆ ಚಿತ್ರವನ್ನು ನಿಜಕ್ಕೂ ಹಿಡಿದು ಕೇಳಬೇಕಾದ ಜಾಗ ನಮ್ಮ ಪಕ್ಕದಲ್ಲೇ ಇತ್ತು. ಕೇಣಿಯಿಂದ ಉತ್ತರಕ್ಕೆ ಬೇಲೇಕೇರಿ, ಅಮದಳ್ಳಿ, ಅರಗಾ ದಾಟಿದರೆ ಬಿಣಗಾ. ಅಲ್ಲಿಯ ಕಾಸ್ಟಿಕ್ ಸೋಡಾ ಕಾರ್ಖಾನೆ ಹಿಂದೆ ಪಾದರಸದ ಕೋಶಗಳ ವಿಧಾನದಲ್ಲಿ ನಡೆಯುತ್ತಿತ್ತು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಸೋಡಾ, ಕ್ಲೋರಿನ್ ಬೇರ್ಪಡಿಸುವಾಗ ಪಾದರಸವೇ ಒಂದು ವಿದ್ಯುದ್ವಾರ. ಅಂಥ ಕಾರ್ಖಾನೆಯೊಂದು ಇಟ್ಟುಕೊಳ್ಳುವ ಪಾದರಸದ ಲೆಕ್ಕ ಟನ್ನುಗಳಲ್ಲಿ. ಹಲ್ಲಿನ ಲೆಕ್ಕ ಗ್ರಾಂನಲ್ಲೂ ಅಲ್ಲ, ಅದರ ಚೂರಿನಲ್ಲಿ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಾರವಾರದ ಈ ಕಾರ್ಖಾನೆಯ ಸಮೀಪದ ಪಾದರಸದ ಬಗ್ಗೆ 1990ರಲ್ಲೇ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದಿದ್ದರು. ನಾನು ಪಿಎಚ್‌ಡಿಗೆ ಸೇರಿದ ಮೇಲಷ್ಟೇ ಅದನ್ನು ಓದಿದ್ದು. ಅದು ಇಂಗ್ಲಿಷಿನಲ್ಲಿತ್ತು. ಕನ್ನಡದ ಕರಪತ್ರವಾಗಿ ಯಾವ ಮೀನುಪೇಟೆಗೂ ಬರಲಿಲ್ಲ. ಆಮೇಲೆ ದೇಶದ ಸೋಡಾ ಕಾರ್ಖಾನೆಗಳು ಪಾದರಸ ಬಿಟ್ಟು ಪೊರೆಯ ವಿಧಾನಕ್ಕೆ ಹೊರಳಿದವು, ಒಳ್ಳೆಯದೇ ಆಯಿತು. ಆದರೆ ಕೆಸರಿಗೆ ಕೂತ ಪಾದರಸ ಕಾರ್ಖಾನೆಯ ಜೊತೆ ವಿಧಾನ ಬದಲಿಸುವುದಿಲ್ಲ. ಕೊಡೈಕನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. 591 ಕಾರ್ಮಿಕರಿಗೆ ಪರಿಹಾರದ ಒಪ್ಪಂದ ಆದದ್ದು 2016ರಲ್ಲಿ. ಹದಿನೈದು ವರ್ಷ ಬೇಕಾಯಿತು, ಅದೂ ಬೀದಿಗಿಳಿದು ಹಾಡಿ ಕೂಗಿದ ಮೇಲೆ.

ಈಗ ಕೇಣಿಗೆ ದೊಡ್ಡ ಬಂದರು ಬರುವ ಮಾತು. 2023ರಲ್ಲಿ ಗುತ್ತಿಗೆಯ ಪತ್ರ ಹೊರಟಿತು, 2025ರಲ್ಲಿ ಮೀನುಗಾರರು ಅದರ ವಿರುದ್ಧ ಬೀದಿಗೆ ಬಂದರು. ಬಂದರಿಗೂ ಪಾದರಸಕ್ಕೂ ನಾನು ಗಂಟು ಹಾಕುತ್ತಿಲ್ಲ, ಹಾಗೆ ಮಾಡಿದರೆ ನಾನೂ ಕರಪತ್ರದವನೇ ಆಗುತ್ತೇನೆ. ಹೂಳೆತ್ತುವ ಮೊದಲು ಈ ತೀರದ ಕೆಸರಿನಲ್ಲಿ, ಮೀನಿನಲ್ಲಿ ಏನೆಷ್ಟಿದೆ ಎಂದು ಅಳೆದು, ಅಂಕಿಗಳನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಅಂಟಿಸಿ ಎನ್ನುತ್ತೇನೆ. ಕೆಸರು ಕಲಕಿದ ಮೇಲೆ ಅಳೆದರೆ ಮೊದಲು ಎಷ್ಟಿತ್ತೆಂದು ಯಾರೂ ಹೇಳಲಾರರು.

ಕರಪತ್ರಕ್ಕೆ ನಮ್ಮವರು ಮರುಳಾದದ್ದೇಕೆ ಎಂದು ಬೈಯುವುದು ಸುಲಭ. ಚಿಕ್ಕಿಯ ಜಾಗದಲ್ಲಿ ನಿಂತು ನೋಡಿ. ಈ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಟ್ಟಲೆ ಕೂಗಿದ್ದಾರೆ. ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ. ಮಂಡಿನೋವೆಂದು ಹೋದರೆ ಎರಡು ನಿಮಿಷದಲ್ಲಿ ಮಾತ್ರೆ ಬರೆದು ಕಳಿಸುತ್ತಾರೆ. ಆ ಕ್ಲಿನಿಕ್ಕಿನಲ್ಲಿ ಅವಳನ್ನು ಮುಕ್ಕಾಲು ಗಂಟೆ ಕೂರಿಸಿ ಮಾತಾಡಿಸಿದರಂತೆ. ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ಏಳುತ್ತೀರಿ, ಗಂಡ ಹೋದದ್ದು ಯಾವಾಗ ಎಂದೆಲ್ಲ ಕೇಳಿದರಂತೆ. ಐವತ್ತಾರು ವರ್ಷದಲ್ಲಿ ಯಾವ ಡಾಕ್ಟರೂ ಅವಳನ್ನು ಅದನ್ನು ಕೇಳಿರಲಿಲ್ಲ. ಬೆಂಡೋಲೆ ಹೋದದ್ದು ಆ ಮುಕ್ಕಾಲು ಗಂಟೆಗೆ.

2034 ಬಂದಾಗ ಅವಳಂಥವರ ಹುಳುಕು ಹಲ್ಲಿಗೆ ಏನು ತುಂಬುತ್ತಾರೆ? ಅಮಾಲ್ಗಮ್ ಅಗ್ಗವಿತ್ತು, ಬಾಳಿಕೆ ಬರುತ್ತಿತ್ತು. ಅದು ಹೋದರೆ ಉಳ್ಳವರಿಗೆ ಕಾಂಪೋಸಿಟ್, ಇಲ್ಲದವರಿಗೆ ಇಕ್ಕಳ ಎಂದಾಗಬಾರದು. ನಮ್ಮ ಸರ್ಕಾರಕ್ಕೆ ಹಲ್ಲು ನೆನಪಾಗುವುದು ಅದು ಬಿದ್ದ ಮೇಲೆ. ‘ದಂತಭಾಗ್ಯ’ದಲ್ಲಿ ಬಡ ವೃದ್ಧರಿಗೆ ಕಟ್ಟುಹಲ್ಲು ಕೊಟ್ಟರು, ಬೇಡವೆನ್ನುವುದಿಲ್ಲ. ಹಲ್ಲು ಬೀಳದಂತೆ ಮಾಡುವ ದಾರಿಗಳೂ ಇವೆ, ದುಬಾರಿಯೂ ಅಲ್ಲ. ಡ್ರಿಲ್ ಇಲ್ಲದೆ, ಕರೆಂಟಿಲ್ಲದೆ, ಕೈಸಲಕರಣೆಯಿಂದ ಹುಳುಕು ಕೆರೆದು ಗ್ಲಾಸ್ ಅಯನೊಮರ್ ತುಂಬುವ ಪದ್ಧತಿ 1980ರ ದಶಕದಲ್ಲಿ ತಾಂಜಾನಿಯಾದಲ್ಲಿ ಶುರುವಾದದ್ದು. ಹುಳುಕು ಮುಂದುವರಿಯದಂತೆ ಹಚ್ಚುವ ಸಿಲ್ವರ್ ಡೈಅಮೈನ್ ಫ್ಲೋರೈಡ್ 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಹಲ್ಲು ಕಪ್ಪಾಗುತ್ತದೆ, ಹುಳುಕು ನಿಲ್ಲುತ್ತದೆ. ಇವೆರಡೂ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಶಾಲೆಗಳಲ್ಲಿ ಸಿಗಬೇಕು. ಹಳೆಯ ಅಮಾಲ್ಗಮ್ ತಾನಾಗಿ ಒಡೆದು ತೆಗೆಯಬೇಕಾಗಿ ಬಂದಾಗ ಚೂರುಗಳನ್ನು ಹಿಡಿಯುವ ಸೋಸುಪೆಟ್ಟಿಗೆ ಪ್ರತಿ ಕ್ಲಿನಿಕ್ಕಿನ ಸಿಂಕಿನ ಕೆಳಗಿರಬೇಕು, ಅದಿಲ್ಲದೆ ಪರವಾನಗಿ ಸಿಗಬಾರದು.

ಮೊನ್ನೆ ಊರಿಗೆ ಹೋದಾಗ ಚಿಕ್ಕಿಗೆ ಇದೆಲ್ಲ ಹೇಳಲು ಕೂತೆ. ತಾರ್ಲೆ, ಬಂಗಡೆಯಂಥ ಸಣ್ಣ ಮೀನಿನಲ್ಲಿ ಪಾದರಸ ಕಡಿಮೆ, ಮೋರಿಯಂಥ ದೊಡ್ಡ ಬೇಟೆಮೀನಿನಲ್ಲಿ ಹೆಚ್ಚು, ಬಸುರಿ ಸೊಸೆಗೆ ಮೋರಿ ಬೇಡ ಎಂದೆ. ಅವಳು ಕಿತ್ತ ಹಲ್ಲಿನ ಸಂದಿಗೆ ನಾಲಗೆ ಆಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ, “ಹಂಗಾರೆ ಆ ಹಲ್ಲು ತೆಗ್ಸದು ಬೇಡಾಗಿತ್ತನ?” ಎಂದಳು. ನಾನು ಬೇಡಾಗಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಸೈಟಿಯ ಬಡ್ಡಿ ಕಟ್ಟುವ ತಾರೀಖು ಯಾವತ್ತು ನೋಡು ಎಂದು ಚೀಟಿ ತಂದು ನನ್ನ ಕೈಗಿಟ್ಟಳು.