ಕುದುರೆಮರಿಗೆ ದಾರಿ ಪಾಠ

ಹುರುಳಿಗೆ ಇಂಗ್ಲಿಷಿನವರು ಕುದುರೆಯ ಹೆಸರನ್ನೇ ಇಟ್ಟುಬಿಟ್ಟರು, ‘ಹಾರ್ಸ್ ಗ್ರಾಂ’ ಅಂತ. ಮಧುಗಿರಿ, ಪಾವಗಡದ ಹೊಲಗಳಲ್ಲಿ ಹುರುಳಿ ಈಗಲೂ ಬೆಳೆಯುತ್ತದೆ. ಅದನ್ನು ಬೇಯಿಸಿ ತಿನ್ನಿಸಲು ಮನೆ ಮುಂದೆ ಕುದುರೆ ಮಾತ್ರ ಇಲ್ಲ. ಅಜ್ಜ ಅಜ್ಜಿಯರಿಗೆ ಜಟಕಾ ನೆನಪಿರಬಹುದು. ಮೊಮ್ಮಕ್ಕಳು ಕುದುರೆ ನೋಡುವುದು ಮದುವೆ ಮೆರವಣಿಗೆಯಲ್ಲಿ, ಇಲ್ಲವೇ ದಸರಾ ದಿನ ಟಿ.ವಿ.ಯಲ್ಲಿ.

ಆದರೂ ಕುದುರೆಗೂ ನಮ್ಮ ತುಮಕೂರು ಜಿಲ್ಲೆಗೂ ಹಳೆಯ ನಂಟು. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿಗಾಗಿ ಕುದುರೆ ಸಾಕಿದ ಕುಣಿಗಲ್ ಫಾರಂ ಮುಂದೆ ರೇಸಿನ ಕುದುರೆಗಳಿಗೆ ಹೆಸರಾಯಿತು. ಕುದುರೆಮರಿ ತಾಯ ಹೊಟ್ಟೆಯಲ್ಲಿ ಸುಮಾರು 11 ತಿಂಗಳು ಇರುತ್ತದೆ. ಹುಟ್ಟಿದ ಒಂದೆರಡು ಗಂಟೆಯಲ್ಲೇ ಎದ್ದು ನಿಲ್ಲುತ್ತದೆ! ನಿಲ್ಲುವುದನ್ನೇನೋ ಇಷ್ಟು ಬೇಗ ಕಲಿತೀತು. ಸವಾರನನ್ನು ಹೊತ್ತು ಊರಾಚೆಯ ದಾರಿಯಲ್ಲಿ ಬೆದರದೆ ನಡೆಯಲು ವರ್ಷಗಳೇ ಬೇಕು.

ಯಾಕೆ ಗೊತ್ತೇ? ಕುದುರೆಗೆ ಕೊಂಬಿಲ್ಲ, ಪಂಜವಿಲ್ಲ. ತೋಳ, ಹುಲಿಗಳಿಂದ ಉಳಿದುಕೊಂಡದ್ದು ಓಟದಿಂದ. ಮೊದಲು ಓಡು, ಆಮೇಲೆ ನೋಡು ಎನ್ನುವುದು ಅದರ ರಕ್ತದಲ್ಲೇ ಇದೆ. ಕಣ್ಣುಗಳು ತಲೆಯ ಎರಡು ಮಗ್ಗುಲಲ್ಲಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಬಾಲದ ಹಿಂದೆ ಮತ್ತು ಮೂಗಿನ ಎದುರಿಗೇ ಇರುವ ಸ್ವಲ್ಪ ಜಾಗ. ಮಕ್ಕಳೇ, ಕುದುರೆಯ ಹಿಂದೆ ಹೋಗಿ ನಿಲ್ಲಬೇಡಿ ಎಂದು ದೊಡ್ಡವರು ಗದರಿಸುವುದು ಇದಕ್ಕೇ. ಹೆಗಲ ಪಕ್ಕಕ್ಕೆ, ಮಾತಾಡುತ್ತಾ ಬನ್ನಿ.

ಈಗ ನಿಡುಗಲ್ಲು ಬೆಟ್ಟದ ತಪ್ಪಲಿನ ಬಂಡಿದಾರಿಯಲ್ಲಿ ಒಂದು ಮರಿಕುದುರೆಯನ್ನು ನಡೆಸುತ್ತಿದ್ದೇವೆ ಅಂದುಕೊಳ್ಳಿ. ನಮ್ಮ ಕಣ್ಣಿಗೆ ಅಲ್ಲೇನಿದೆ? ಕಡಲೇಕಾಯಿ ಹೊಲ, ಜಾಲಿ ಪೊದೆ, ಒಂದು ಕುರಿ ಮಂದೆ. ಕುದುರೆಗೆ? ಜಾಲಿ ಮುಳ್ಳಿಗೆ ಸಿಕ್ಕಿ ಪಟಪಟ ಎನ್ನುವ ಪ್ಲಾಸ್ಟಿಕ್ ಚೀಲ ಯಾವುದೋ ಪ್ರಾಣಿ. ಮಳೆ ನೀರು ನಿಂತ ಗುಂಡಿ ಎಷ್ಟು ಆಳವೋ ತಿಳಿಯದು. ಕಂಬಳಿ ಹೊದ್ದ ಕುರಿಗಾಹಿ ಎದ್ದು ನಿಂತರೆ ಬಂಡೆಯೇ ಎದ್ದ ಹಾಗೆ. ತಿರುಮಣಿ ಕಡೆ ಹೋದರೆ ಸೋಲಾರ್ ಫಲಕಗಳು ಬೇರೆ, ಕೆರೆ ತುಂಬಿದಂತೆ ಹೊಳೆಯುತ್ತವೆ. ತಮಾಷೆಯೆಂದರೆ, ಹೋಗುವಾಗ ನೋಡಿ ಸುಮ್ಮನಾದ ಬಂಡೆಗೇ ಬರುವಾಗ ಮತ್ತೆ ಬೆದರಬಹುದು. ಬೇರೆ ಮಗ್ಗುಲಿಂದ ಕಂಡರೆ ಅದು ಹೊಸ ಬಂಡೆ!

ಆಗ ಚಾಟಿ ಎತ್ತುವವರಿದ್ದಾರೆ. ನನಗದು ಶುದ್ಧ ದಡ್ಡತನವಾಗಿ ಕಾಣುತ್ತದೆ. ಏಟು ಬಿದ್ದರೆ ಕುದುರೆ ಕಲಿಯುವುದು ಒಂದೇ: ಚೀಲ ಕಂಡಾಗ ನೋವಾಗುತ್ತದೆ ಎಂದು. ನಿಲ್ಲಿಸಿ, ನೋಡಲು ಬಿಡಬೇಕು. ನಿಮಿರಿದ ಕಿವಿ ಸಡಿಲವಾಗಿ, ತಲೆ ತಗ್ಗಿಸಿ, ಉಸ್ಸೆಂದು ಉಸಿರು ಬಿಟ್ಟರೆ ಎರಡು ಹೆಜ್ಜೆ ಮುಂದೆ. ಅದಕ್ಕೇ ಮೊದಮೊದಲು ಜೀನೂ ಬೇಡ, ಸವಾರನೂ ಬೇಡ. ಹಗ್ಗ ಹಿಡಿದು ಪಕ್ಕದಲ್ಲಿ ನಡೆದರೆ ಸಾಕು. ರೇಸಿನವರು ಎರಡು ವರ್ಷಕ್ಕೇ ಓಡಿಸುತ್ತಾರೆ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಮೂರು ನಾಲ್ಕು ವರ್ಷಕ್ಕೆ ಹಗುರವಾದ ಸವಾರ, ಸ್ವಲ್ಪ ಹೊತ್ತು, ಅಷ್ಟೇ.

ಎಲ್ಲಕ್ಕಿಂತ ಒಳ್ಳೆಯ ಮೇಷ್ಟ್ರು ಎಂದರೆ ಮುಂದೆ ನಡೆಯುವ ವಯಸ್ಸಾದ ಕುದುರೆ. ಅದು ನೀರಿಗೆ ಕಾಲಿಟ್ಟರೆ ಮರಿಯೂ ಇಡುತ್ತದೆ. ಇದು ನಮ್ಮ ರೈತರಿಗೆ ಹೊಸದೇನಲ್ಲ. ಸಿದ್ಧಗಂಗೆ ದನಗಳ ಜಾತ್ರೆಯಿಂದ ತಂದ ಎಳೆಹೋರಿಯನ್ನು ಪಳಗಿದ ಎತ್ತಿನ ಜೊತೆಗೇ ನೊಗಕ್ಕೆ ಕಟ್ಟುತ್ತಿದ್ದರು. ಹೇಗೆ ಪಳಗಿಸುತ್ತಿದ್ದಿರಿ ಎಂದು ತಾತನನ್ನು ಕೇಳಿ ನೋಡಿ, ಒಂದು ಸಂಜೆ ಸಾಲದು!

ಮೈಸೂರಿನಲ್ಲಿಯೂ ಹೀಗೇ. ವಿಜಯದಶಮಿಯಂದು ಏಳು ಫಿರಂಗಿಗಳಿಂದ 21 ಕುಶಾಲತೋಪು ಹಾರುತ್ತದಲ್ಲ, ಆ ಸದ್ದಿಗೆ ಬೆದರದಿರಲೆಂದು ಆನೆಗಳ ಜೊತೆ ಪೊಲೀಸ್ ಅಶ್ವದಳದ ಕುದುರೆಗಳನ್ನೂ ದಸರೆಗೆ ಮುಂಚೆಯೇ ಫಿರಂಗಿ ತಾಲೀಮಿಗೆ ಕರೆತರುತ್ತಾರೆ. ಒಂದು ಸಲ ಕೇಳಿಸಿ ಬಿಡುವುದಿಲ್ಲ. ದಿನ ಬಿಟ್ಟು ಮತ್ತೆ ಮತ್ತೆ.

ಇನ್ನು ವಾಪಸಾಗುವಾಗ. ಲಾಯ ಹತ್ತಿರ ಬಂದಂತೆ ಮರಿ ಓಡಲು ನೋಡುತ್ತದೆ. ಬಿಟ್ಟರೆ ನಾಳೆಯಿಂದ ಮನೆ ದಾರಿಯೆಲ್ಲ ಓಟವೇ. ಕೊನೆಯ ಅರ್ಧ ಮೈಲಿ ನಡಿಗೆಯಲ್ಲೇ ಬರಬೇಕು. ಜೀನು ಇಳಿಸಿ, ಬೆವರು ಆರಲು ಬಿಟ್ಟು, ನೀರು ಕುಡಿಸಿ, ಸ್ವಲ್ಪ ಹುಲ್ಲು ಹಾಕಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ಕೆಟ್ಟರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಬೇಯಿಸಿದ ಹುರುಳಿ ಕೊನೆಗೆ, ಅದೂ ಹಿಡಿತದಲ್ಲಿ.