ಸೂರ್ಯನ ಪ್ರಭಾವಲಯ ಮತ್ತು ನಮ್ಮ ಮುಚ್ಚಿದ ಬಾಗಿಲು



1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲತೀರದಿಂದ ರಾಯಚೂರಿನತ್ತ ಕನ್ನಡ ನಾಡನ್ನು ಹಾದುಹೋಯಿತು. ಅದನ್ನು ಕಾಣಲು ವಿಜ್ಞಾನಿಗಳು ದೂರದರ್ಶಕಗಳೊಡನೆ ಇಲ್ಲಿಗೆ ಬಂದರು. ಇಲ್ಲಿಯವರೇ ಆದ ಅನೇಕರು ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತರು. ಬಂದವರು ಅರಸಿದುದು ಏನನ್ನು?

ಸೂರ್ಯಬಿಂಬವನ್ನು ಸುತ್ತುವರಿದಿರುವ, ಕರೋನಾ ಎಂದು ಕರೆಯಲಾಗುವ ಪ್ರಭಾವಲಯವನ್ನು. ಬಿಂಬದ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಹೊರಗಿರುವ ಈ ವಲಯದ್ದಾದರೋ ಹತ್ತು ಲಕ್ಷ ಡಿಗ್ರಿಗೂ ಮಿಗಿಲು. ಒಲೆಯಿಂದ ದೂರ ಸರಿದಂತೆ ಕಾವು ಹೆಚ್ಚಿದ ಹಾಗಿದೆ ಈ ವಿಸ್ಮಯ! ಇದಕ್ಕೆ ಸೂರ್ಯನ ಕಾಂತಶಕ್ತಿಯೇ ಮೂಲವೆಂದು ವಿಜ್ಞಾನಿಗಳು ಬಗೆಯುತ್ತಾರೆ. ಆದರೆ ವಲಯದ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಮಾತ್ರ. ಆದುದರಿಂದ ಚಂದ್ರನು ಬಿಂಬವನ್ನು ಪೂರ್ತಿ ಮರೆಮಾಡಿದ ಕೆಲವೇ ನಿಮಿಷಗಳಲ್ಲಿ ಅದು ಗೋಚರಿಸುತ್ತದೆ.

ಗ್ರಹಣಕ್ಕಾಗಿ ವರ್ಷಗಟ್ಟಲೆ ಕಾಯುವುದನ್ನು ತಪ್ಪಿಸಿದವರು ಫ್ರಾನ್ಸಿನ ಬರ್ನಾರ್ಡ್ ಲಿಯೋ. 1930ರ ಸುಮಾರಿಗೆ ಅವರು ದೂರದರ್ಶಕದೊಳಗೇ ಪುಟ್ಟ ತಟ್ಟೆಯೊಂದನ್ನು ಅಳವಡಿಸಿ ಬಿಂಬವನ್ನು ಮರೆಮಾಡಿದರು. ಪಿರನೀಸ್ ಪರ್ವತಶಿಖರದ ತಿಳಿಗಾಳಿಯಲ್ಲಿ ಸಾಮಾನ್ಯ ಹಗಲಿನಲ್ಲಿಯೇ ಪ್ರಭಾವಲಯವನ್ನು ಕಂಡರು.

ಕಾಣದ ಕಾಂತಕ್ಷೇತ್ರವನ್ನು ಅಳೆಯುವ ಬಗೆ ಹೇಗೆ? ಕಾಂತಕ್ಷೇತ್ರದಲ್ಲಿ ಹೊಮ್ಮಿದ ಬೆಳಕಿನ ರೋಹಿತದ ಗೆರೆಗಳು ಕವಲೊಡೆಯುತ್ತವೆ. 1896ರಲ್ಲಿ ಝೀಮನ್ ಕಂಡುಹಿಡಿದ ಈ ಗುಣವೇ ಅಳತೆಗೋಲು. ಪ್ರಭಾವಲಯದಲ್ಲಿ ಕವಲು ಅತಿ ಸೂಕ್ಷ್ಮವಾದುದರಿಂದ ದೊಡ್ಡ ಕನ್ನಡಿ ಬೇಕಾಯಿತು. ಹವಾಯಿ ದ್ವೀಪಸಮೂಹದ ಹಲೆಯಾಕಲ ಶಿಖರದಲ್ಲಿರುವ 4 ಮೀಟರ್ ಕನ್ನಡಿಯ ದೂರದರ್ಶಕದಿಂದ ರಚಿಸಿದ ಇಂತಹ ಕಾಂತಕ್ಷೇತ್ರದ ನಕ್ಷೆ 2024ರಲ್ಲಿ ಪ್ರಕಟವಾಯಿತು. ನಮ್ಮ ಗೌರಿಬಿದನೂರಿನ ಬಯಲಿನಲ್ಲಿಯೂ ಪ್ರಭಾವಲಯ ಹೊಮ್ಮಿಸುವ ರೇಡಿಯೋ ಅಲೆಗಳನ್ನು ಹಿಡಿಯುವ ಆಂಟೆನಾಗಳ ಸಾಲುಗಳಿವೆ.

ಇದು ಬರಿಯ ಕುತೂಹಲವಲ್ಲ. ಸೂರ್ಯನ ಕಾಂತಕ್ಷೋಭೆ ಭೂಮಿಯನ್ನೂ ತಟ್ಟುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನರು ಗಂಟೆಗಟ್ಟಲೆ ವಿದ್ಯುತ್ತಿಲ್ಲದೆ ಉಳಿದರು. ಅಂದಿನ ಕೇಡು ಬಂದುದು ಗ್ರಹಣದ ನೆರಳಿನಿಂದಲ್ಲ, ಸೂರ್ಯನಿಂದ ಸಿಡಿದ ಕಾಂತಯುಕ್ತ ಅನಿಲರಾಶಿಯಿಂದ.

ಪಂಚಸೂತಕಗಳನ್ನೇ ಅಲ್ಲಗಳೆದ ಶರಣಪರಂಪರೆ ನಮ್ಮದು. ಹಾಗಿದ್ದೂ ಗ್ರಹಣ ಬಂದಾಗ ಮಾಡಿದ ಅಡುಗೆಯನ್ನು ಚೆಲ್ಲುವ, ಗರ್ಭಿಣಿಯರನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಸುವ ಪದ್ಧತಿ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಳಿದಿರುವುದು ವಿಷಾದನೀಯ. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಲಾಗದು. ಆ ಎಚ್ಚರಿಕೆ ಅವಶ್ಯ. ರಟ್ಟಿನ ಸಣ್ಣ ರಂಧ್ರದಿಂದ ಬಿಳಿಯ ಗೋಡೆಯ ಮೇಲೆ ಬಿಂಬವನ್ನು ಮೂಡಿಸಿದರೆ ಮನೆಮಂದಿಯೆಲ್ಲರೂ ನಿರ್ಭಯವಾಗಿ ನೋಡಬಹುದು. ಮುಂದಿನ ಗ್ರಹಣದಂದು ತಾಯಂದಿರು ಮಕ್ಕಳ ಕೈಗೆ ಆ ರಟ್ಟನ್ನು ಕೊಡಲೆಂದು ನಾವು ವಿನಂತಿಸುತ್ತೇವೆ.