ಚಿತ್ರ ಫಾರ್ಮ್ಯಾಟ್‌ಗಳ ಗಂಟು: ಕೂಡಿಸುವುದೋ, ಬಿಡಿಸುವುದೋ?

ಚಿತ್ರ ತಿದ್ದುವ ತಂತ್ರಾಂಶದ ನಿಜವಾದ ಕಸುಬು ಬಣ್ಣ, ಪದರ, ಕುಂಚಗಳದ್ದು. ಜೆಪೆಗ್ ಕಡತ ತೆರೆಯುವುದು, ಪಿಎನ್‌ಜಿಯಾಗಿ ಉಳಿಸುವುದು ಅದಕ್ಕೆ ಹೊರಗಿನ ಕೆಲಸ; ಆದರೆ ಅದಿಲ್ಲದೆ ಒಳಗಿನ ಯಾವುದೂ ನಡೆಯದು. ಅನೇಕ ಎಡಿಟರ್‌ಗಳು ಈ ಹೊಣೆಯನ್ನು ಪ್ಲಗಿನ್‌ಗಳಿಗೆ ವಹಿಸಿವೆ. ವಹಿಸಿದ ಮೇಲೆ ಪ್ರಶ್ನೆಗಳು ಏಳುತ್ತವೆ. ಎಲ್ಲ ಫಾರ್ಮ್ಯಾಟ್‌ಗಳನ್ನೂ ಒಂದೇ ಪ್ಲಗಿನ್ನಿಗೆ ತುಂಬಬೇಕೇ, ಒಂದೊಂದಕ್ಕೂ ಒಂದೊಂದು ಬರೆಯಬೇಕೇ? ಯಾವುದನ್ನು ಎಡಿಟರ್ ಜೊತೆಗೇ ಕೊಡಬೇಕು, ಯಾವುದನ್ನು ಬೇಕಾದವರು ಆಮೇಲೆ ಹಾಕಿಕೊಳ್ಳಲಿ ಎಂದು ಬಿಡಬೇಕು?

ಇದನ್ನು ಪರಿಶೀಲಿಸಲು ಗಿಂಪ್ ತಕ್ಕ ಉದಾಹರಣೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಈ ತಂತ್ರಾಂಶದಲ್ಲಿ ಸ್ವಂತ ಫಾರ್ಮ್ಯಾಟಾದ ಎಕ್ಸ್‌ಸಿಎಫ್ ತಿರುಳಿನಲ್ಲೇ ಇದೆ. ಜೆಪೆಗ್, ಪಿಎನ್‌ಜಿ, ಟಿಫ್, ವೆಬ್‌ಪಿ ಮುಂತಾದವನ್ನು ಬೇರೆ ಬೇರೆ ಪ್ಲಗಿನ್‌ಗಳು ನೋಡಿಕೊಳ್ಳುತ್ತವೆ. ಪ್ರತಿ ಪ್ಲಗಿನ್ನೂ ಒಂದು ಬಿಡಿ ಪ್ರೋಗ್ರಾಮ್. ಪ್ರತ್ಯೇಕ ಪ್ರೊಸೆಸ್ ಆಗಿ ಓಡಿ, ಬಿಡಿಸಿದ ಚಿತ್ರವನ್ನು ಗಿಂಪ್‌ಗೆ ದಾಟಿಸುತ್ತದೆ. ಕೆಟ್ಟುಹೋದ ಟಿಫ್ ಕಡತವೊಂದನ್ನು ತೆರೆಯಲು ಹೋಗಿ ಟಿಫ್ ಪ್ಲಗಿನ್ ಕುಸಿದುಬಿದ್ದರೂ ಪಕ್ಕದಲ್ಲಿ ತೆರೆದಿಟ್ಟ, ಇನ್ನೂ ಉಳಿಸದ ಚಿತ್ರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪ್ಲಗಿನ್ ಕುಸಿಯಿತು ಎಂಬ ಸಂದೇಶ ಬರುತ್ತದೆ, ಅಷ್ಟೆ.

ಪ್ಲಗಿನ್ ತನ್ನನ್ನು ಪರಿಚಯಿಸಿಕೊಳ್ಳುವ ಬಗೆಯನ್ನೂ ಗಮನಿಸಬೇಕು. ತಾನು ತೆರೆಯಬಲ್ಲ ಕಡತದ ವಿಸ್ತರಣಾ ಹೆಸರು ಯಾವುದು, ಕಡತದ ಮೊದಲ ಬೈಟ್‌ಗಳಲ್ಲಿರುವ ಗುರುತು ಯಾವುದು ಎಂಬುದನ್ನು ಅದು ಗಿಂಪ್‌ಗೆ ತಿಳಿಸುತ್ತದೆ. ಪಿಎನ್‌ಜಿಗೆ ಅಂಥ ಗುರುತು ಎಂಟು ಬೈಟ್‌ಗಳದ್ದು. ಈ ವಿವರಗಳನ್ನು ಗಿಂಪ್ 'ಪ್ಲಗಿನ್‌ಆರ್‌ಸಿ' ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಪ್ಲಗಿನ್ ಬದಲಾಗದಿದ್ದರೆ ಮುಂದಿನ ಸಲ ಮತ್ತೆ ವಿಚಾರಿಸುವ ಗೋಜಿಗೆ ಹೋಗುವುದಿಲ್ಲ.

ಇಷ್ಟನ್ನು ನೋಡಿದರೆ ಫಾರ್ಮ್ಯಾಟಿಗೊಂದು ಪ್ಲಗಿನ್ ಎಂಬ ನಿಯಮವೇ ಸಾಕು ಅನಿಸುತ್ತದೆ. ಸಾಲದು. ಬಣ್ಣದ ಪ್ರೊಫೈಲ್, ಕ್ಯಾಮೆರಾದ ಎಕ್ಸಿಫ್ ಮಾಹಿತಿ ಇವುಗಳನ್ನು ನಿಭಾಯಿಸುವ ಕೆಲಸ ಹಲವು ಫಾರ್ಮ್ಯಾಟ್‌ಗಳಿಗೆ ಸಾಮಾನ್ಯ. ಹತ್ತು ಪ್ಲಗಿನ್‌ಗಳು ಅದನ್ನು ಹತ್ತು ಬಗೆಯಲ್ಲಿ ಬರೆದುಕೊಂಡರೆ, ಅಡ್ಡಲಾಗಿ ತೆಗೆದ ಫೋಟೊ ಒಂದು ಫಾರ್ಮ್ಯಾಟಿನಲ್ಲಿ ನೆಟ್ಟಗೂ ಇನ್ನೊಂದರಲ್ಲಿ ಮಲಗಿಯೂ ತೆರೆದುಕೊಳ್ಳುತ್ತದೆ. ಸಾಮಾನ್ಯ ಕೆಲಸ ಹಂಚಿಕೊಂಡ ಲೈಬ್ರರಿಯಲ್ಲಿರಬೇಕು, ಪ್ಲಗಿನ್ ತೆಳ್ಳಗಿರಬೇಕು. ಇದರ ಬಗ್ಗೆ ಹೆಚ್ಚಿನ ತಕರಾರಿಲ್ಲ.

ತಕರಾರು ಶುರುವಾಗುವುದು ಕಾನೂನಿನಲ್ಲಿ. ಗಿಫ್ ಫಾರ್ಮ್ಯಾಟ್ ಬಳಸುವ ಎಲ್‌ಜೆಡ್‌ಡಬ್ಲ್ಯು ಸಂಕೋಚನ ವಿಧಾನದ ಮೇಲೆ ಯುನಿಸಿಸ್ ಕಂಪನಿಯ ಪೇಟೆಂಟ್ ಇತ್ತು. 1994ರ ಕೊನೆಯಲ್ಲಿ ಪರವಾನಗಿ ಶುಲ್ಕದ ಮಾತು ಹೊರಬಿದ್ದಾಗ ಎದ್ದ ಅಸಮಾಧಾನದಿಂದಲೇ ಪಿಎನ್‌ಜಿ ಹುಟ್ಟಿತು. ಆದರೆ ಅಂತರಜಾಲದ ತುಂಬ ಹರಡಿದ್ದ ಗಿಫ್ ಕಡತಗಳು ಎಲ್ಲಿಗೂ ಹೋಗಲಿಲ್ಲ. ಲಿನಕ್ಸ್ ವಿತರಣೆಯಾದ ಡೆಬಿಯನ್ ಕಂಡುಕೊಂಡ ದಾರಿ ಸರಳವಾಗಿತ್ತು: ಗಿಂಪ್ ಮುಖ್ಯ ಭಂಡಾರದಲ್ಲಿ, ಗಿಫ್ ಪ್ಲಗಿನ್ ಮಾತ್ರ 'ನಾನ್‌ಫ್ರೀ' ಎಂಬ ಹಣೆಪಟ್ಟಿಯ ಬೇರೆ ಪ್ಯಾಕೇಜಿನಲ್ಲಿ. ಅಮೆರಿಕದ ಪೇಟೆಂಟ್ 2003ರ ಜೂನ್‌ನಲ್ಲೂ ಬೇರೆಡೆಯವು ಮರುವರ್ಷವೂ ತೀರಿದವು. ಬೇರ್ಪಡಿಸಿಡುವ ಕಾರಣವೂ ಅಲ್ಲಿಗೆ ಮುಗಿಯಿತು. ಗಿಫ್ ಅನ್ನು ತಿರುಳಿನೊಳಗೇ ಹೆಣೆದಿದ್ದರೆ ಹೀಗೆ ತೆಗೆದು ಹಾಕಿ ಮಾಡುವುದು ಸಾಧ್ಯವೇ ಇರಲಿಲ್ಲ.

ಎಚ್‌ಇಐಸಿ ಇದೇ ಕಥೆಯ ಹೆಚ್ಚು ಜಟಿಲವಾದ ರೂಪ. 2017ರಲ್ಲಿ ಐಒಎಸ್ 11 ಬಂದಾಗಿನಿಂದ ಐಫೋನ್‌ಗಳು ಫೋಟೊಗಳನ್ನು ಈ ರೂಪದಲ್ಲಿ ಉಳಿಸತೊಡಗಿದವು. ಇದಕ್ಕೆ ಆಧಾರವಾದ ಎಚ್‌ಇಐಎಫ್ ಎಂಬುದು ನಿಜಕ್ಕೂ ಒಂದು ಬುತ್ತಿಡಬ್ಬಿ. ಒಳಗೆ ಏನಿದೆ ಎಂಬುದು ಬೇರೆಯೇ ಮಾತು. ಐಫೋನ್ ಕಡತದೊಳಗೆ ಇರುವುದು ಎಚ್‌ಇವಿಸಿ ವಿಧಾನದಲ್ಲಿ ಅಡಕಿಸಿದ ಚಿತ್ರ, ಅದರ ಸುತ್ತ ಹಲವು ಕಂಪನಿಗಳ ಪೇಟೆಂಟ್‌ಗಳಿವೆ. ಎವಿಐಎಫ್ ಕಡತದಲ್ಲಿ ಅದೇ ಡಬ್ಬಿ, ಒಳಗಿರುವುದು ಮಾತ್ರ ಎವಿ1. ಅದನ್ನು ರೂಪಿಸಿದ ಒಕ್ಕೂಟ ರಾಯಧನ ಕೇಳುವುದಿಲ್ಲ. ಗಿಂಪ್‌ನಲ್ಲಿ ಎರಡನ್ನೂ ತೆರೆಯುವುದು ಒಂದೇ ಪ್ಲಗಿನ್, ಎರಡಕ್ಕೂ ಆಧಾರ ಲಿಬ್‌ಹೈಫ್ ಎಂಬ ಒಂದೇ ಲೈಬ್ರರಿ.

ಇಲ್ಲಿ ವಿಸ್ತರಣಾ ಹೆಸರನ್ನು ನೋಡಿ ಪ್ಯಾಕೇಜ್ ಕಟ್ಟಹೊರಟರೆ ಒಂದೇ ಕೋಡ್ ಎರಡು ಕಡೆ ಸೇರುತ್ತದೆ. ಡಬ್ಬಿಯನ್ನು ನೋಡಿ ಕಟ್ಟಿದರೆ ಒಕ್ಕೂಟ ರಾಯಧನ ಕೇಳದ ಎವಿಐಎಫ್ ಕೂಡ ಎಚ್‌ಇವಿಸಿಯ ಜೊತೆ ಹೊರಗುಳಿಯುತ್ತದೆ. ಎರಡೂ ತಪ್ಪು. ಗೆರೆ ಎಳೆಯಬೇಕಾದದ್ದು ಇನ್ನೂ ಒಂದು ಹಂತ ಕೆಳಗೆ, ಚಿತ್ರವನ್ನು ಬಿಡಿಸುವ ಕೋಡೆಕ್‌ನ ಮಟ್ಟದಲ್ಲಿ. ಡೆಬಿಯನ್ 13ರಲ್ಲಿ ಆಗಿರುವುದು ಹಾಗೆಯೇ: ಲಿಬ್‌ಹೈಫ್ ಒಂದು ಪ್ಯಾಕೇಜ್, ಅದಕ್ಕೆ ಬೇಕಾದ ಕೋಡೆಕ್‌ಗಳು ಒಂದೊಂದೂ ಬಿಡಿ ಪ್ಯಾಕೇಜ್. ಇನ್ನೊಂದು ಲಿನಕ್ಸ್ ವಿತರಣೆಯಾದ ಫೆಡೋರಾ ತನ್ನ ಭಂಡಾರದ ಲಿಬ್‌ಹೈಫ್‌ನಿಂದ ಎಚ್‌ಇವಿಸಿಯನ್ನು ಹೊರಗಿಟ್ಟಿದೆ. ಬೇಕಾದವರು ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ಅದನ್ನು ತರಿಸಿಕೊಳ್ಳುತ್ತಾರೆ. ಎಡಿಟರ್‌ನ ಪ್ಲಗಿನ್ ಎರಡೂ ಕಡೆ ಹಾಗೇ ಉಳಿಯುತ್ತದೆ.

ಈ ಏರ್ಪಾಟಿಗೆ ಪ್ಲಗಿನ್‌ಆರ್‌ಸಿಯಲ್ಲಿ ಬರೆದಿಟ್ಟ ವಿವರ ಅಡ್ಡಬರಬಹುದು. ಕೋಡೆಕ್ ಇಲ್ಲದಾಗ ಪ್ಲಗಿನ್ 'ನನಗೆ ಎಚ್‌ಇಐಸಿ ಬರುವುದಿಲ್ಲ' ಎಂದು ಒಮ್ಮೆ ಬರೆಸಿಬಿಟ್ಟರೆ, ನಾಳೆ ಕೋಡೆಕ್ ಬಂದರೂ ಅದೇ ಉತ್ತರ ಉಳಿದೀತು. ಬದಲಾದದ್ದು ಲೈಬ್ರರಿಯ ಸುತ್ತಲಿನ ಸಾಮಗ್ರಿಯೇ ಹೊರತು ಪ್ಲಗಿನ್ ಅಲ್ಲವಲ್ಲ. ಆದ್ದರಿಂದ ಇಂಥ ಪ್ಲಗಿನ್ ತನ್ನ ಸಾಮರ್ಥ್ಯವನ್ನು ಪ್ರತಿ ಆರಂಭದಲ್ಲೂ ಹೊಸದಾಗಿ ಪರೀಕ್ಷಿಸಿ ಹೇಳಬೇಕು. ಆರಂಭಕ್ಕೆ ತುಸು ಹೊತ್ತು ಹೆಚ್ಚು ಹಿಡಿದೀತು. ಹಿಡಿಯಲಿ.

ಓದುವುದನ್ನೂ ಬರೆಯುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. ಎಚ್‌ಇವಿಸಿ ಬಿಡಿಸುವ ಲಿಬ್‌ಡಿ265 ಎಲ್‌ಜಿಪಿಎಲ್ ಪರವಾನಗಿಯಲ್ಲಿದೆ, ಅಡಕಿಸುವ ಎಕ್ಸ್265 ಜಿಪಿಎಲ್‌ನಲ್ಲಿದೆ. ಮುಚ್ಚಿದ ಮೂಲದ ಎಡಿಟರ್ ಒಂದಕ್ಕೆ ಮೊದಲನೆಯದು ಹೊಂದೀತು, ಎರಡನೆಯದು ವಾಣಿಜ್ಯ ಪರವಾನಗಿ ಕೊಳ್ಳದೆ ಹೊಂದದು. ಬಳಕೆದಾರರ ಅಗತ್ಯವೂ ಹಾಗೆಯೇ. ಮದುವೆ ಮನೆಯವರು ಕಳಿಸಿದ ಎಚ್‌ಇಐಸಿ ಫೋಟೊವನ್ನು ಸ್ಟುಡಿಯೊದವರು ತೆರೆಯಲೇಬೇಕು; ಅಚ್ಚಿಗೆ ಕೊಡುವಾಗ ಟಿಫ್ ಅಥವಾ ಜೆಪೆಗ್ ಸಾಕು. ಓದುವ ಬೆಂಬಲ ಧಾರಾಳವಾಗಿರಲಿ, ಬರೆಯುವ ಬೆಂಬಲ ಬಿಗಿಯಾಗಿರಲಿ ಎಂಬ ನಿಲುವು ಬಹುತೇಕ ಎಲ್ಲ ಕಡೆಗೂ ಒಪ್ಪುತ್ತದೆ.

ಆದರೆ ಓದುವುದೇ ಅಪಾಯದ ಮೂಲವೂ ಹೌದು. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಲೈಬ್ರರಿಯಲ್ಲಿ ಗಂಭೀರ ದೋಷವೊಂದು ಬಯಲಾಯಿತು. ಬೇಕೆಂದೇ ಕೆಡಿಸಿ ಮಾಡಿದ ಚಿತ್ರವೊಂದನ್ನು ತೆರೆದರೆ ಕಂಪ್ಯೂಟರಿನ ಹಿಡಿತವೇ ತಪ್ಪುವ ಸಂಭವವಿತ್ತು. ವ್ಯವಸ್ಥೆಯ ಹಂಚಿಕೆಯ ಲೈಬ್ರರಿಯನ್ನು ಬಳಸುತ್ತಿದ್ದ ತಂತ್ರಾಂಶಗಳಿಗೆ ಒಂದು ಪ್ಯಾಕೇಜ್ ಬದಲಾದರೆ ಸಾಕಿತ್ತು. ಲೈಬ್ರರಿಯ ಸ್ವಂತ ಪ್ರತಿಯನ್ನು ಒಳಗೆ ಇಟ್ಟುಕೊಂಡಿದ್ದ ಬ್ರೌಸರ್‌ಗಳು, ಎಲೆಕ್ಟ್ರಾನ್ ಆಧಾರಿತ ಆ್ಯಪ್‌ಗಳು ಒಂದೊಂದಾಗಿ ಹೊಸ ಆವೃತ್ತಿ ಹೊರಡಿಸಬೇಕಾಯಿತು. ಪ್ಲಗಿನ್ ಪ್ರತ್ಯೇಕ ಪ್ರೊಸೆಸ್ ಆಗಿದ್ದ ಮಾತ್ರಕ್ಕೆ ಇದರಿಂದ ರಕ್ಷಣೆ ಸಿಗುವುದಿಲ್ಲ. ಬಳಕೆದಾರನಿಗಿರುವ ಎಲ್ಲ ಅಧಿಕಾರವೂ ಅದಕ್ಕಿರುತ್ತದೆ. ಲಿನಕ್ಸ್ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಗ್ಲೈಸಿನ್ ಲೈಬ್ರರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿತ್ರ ಬಿಡಿಸುವ ಪ್ರೊಸೆಸ್‌ನ ಕೈಕಾಲು ಕಟ್ಟಿಯೇ ಓಡಿಸುತ್ತದೆ. ಅಪರೂಪದ ಹಳೆಯ ಫಾರ್ಮ್ಯಾಟ್‌ಗಳನ್ನು ಮೊದಲೇ ಹಾಕಿಡದೆ ಬೇರೆ ಪ್ಯಾಕೇಜಿನಲ್ಲಿ ಇಡುವುದಕ್ಕೂ ಓದುವಾಗಿನ ಈ ಅಪಾಯವೇ ಬಲವಾದ ಕಾರಣ. ಯಾರೂ ತೆರೆಯದ ಫಾರ್ಮ್ಯಾಟಿನ ಕೋಡನ್ನು ಯಾರೂ ಪರೀಕ್ಷಿಸಿಯೂ ಇರುವುದಿಲ್ಲ.

ಇಷ್ಟೆಲ್ಲ ಬಿಡಿಬಿಡಿಯಾಗಿಸಿದರೆ ಪೆಟ್ಟು ಬೀಳುವುದು ಬಳಕೆದಾರರಿಗೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ವಿಂಡೋಸ್‌ನಲ್ಲಿ ಎಚ್‌ಇಐಸಿ ನೋಡಲು ಒಂದು ಉಚಿತ ವಿಸ್ತರಣೆ, ಅದರ ಜೊತೆ ಹಣ ಕೊಟ್ಟು ಕೊಳ್ಳುವ ಎಚ್‌ಇವಿಸಿ ವಿಸ್ತರಣೆ ಎರಡೂ ಬೇಕಾಗಿ ಬಂದು ಎಷ್ಟೋ ಮಂದಿ ತಬ್ಬಿಬ್ಬಾಗಿದ್ದಾರೆ. ಬಳಕೆದಾರನಿಗೆ ಕೋಡೆಕ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಇದಕ್ಕೆ ಮದ್ದು ಎಲ್ಲವನ್ನೂ ಒಂದೇ ಗಂಟಿಗೆ ಸೇರಿಸುವುದಲ್ಲ. ಕೋಡೆಕ್ ಇಲ್ಲದಿದ್ದರೂ ಪ್ಲಗಿನ್ ಆ ಕಡತವನ್ನು ಗುರುತಿಸಬೇಕು, ತೆರೆಯಲು ಇನ್ನೇನು ಬೇಕು, ಯಾವ ಪ್ಯಾಕೇಜ್ ಹಾಕಬೇಕು ಎಂದು ಹೆಸರು ಹಿಡಿದು ಹೇಳಬೇಕು. 'ಅಪರಿಚಿತ ಕಡತ' ಎಂಬ ಉತ್ತರ ಸುಳ್ಳು. ಕಡತ ಪರಿಚಿತವೇ, ಇಲ್ಲದಿರುವುದು ಸಾಧನ.

ಒಮ್ಮೆ ಕಟ್ಟಿದ ಗಂಟು ಶಾಶ್ವತವೂ ಅಲ್ಲ. ಫೋಟೊಶಾಪ್‌ನಲ್ಲಿ ವೆಬ್‌ಪಿ ಬೇಕಾದವರು ಗೂಗಲ್‌ನ ಪ್ಲಗಿನ್ ಹಾಕಿಕೊಳ್ಳುತ್ತಿದ್ದರು. 2022ರ ಫೆಬ್ರವರಿಯ 23.2ನೇ ಆವೃತ್ತಿಯಿಂದ ಅದು ಒಳಗೇ ಬಂತು. ಹೊರಗಿನದು ಒಳಗಾಗುವಾಗ, ಒಂದು ಎರಡಾಗುವಾಗ ಸ್ಥಿರವಾಗಿರಬೇಕಾದದ್ದು ಕೆಲಸಗಳ ಹೆಸರು, ಏಕೆಂದರೆ ಸಾವಿರಾರು ಕಡತಗಳನ್ನು ಒಟ್ಟಿಗೇ ಪರಿವರ್ತಿಸುವ ಸ್ಕ್ರಿಪ್ಟ್‌ಗಳು ಪ್ಲಗಿನ್ನನ್ನು ಕರೆಯುವುದು ಆ ಹೆಸರಿನಿಂದಲೇ. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಫಾರ್ಮ್ಯಾಟ್ ಪ್ಲಗಿನ್‌ಗಳ 'ಸೇವ್' ಎಂಬ ಹೆಸರನ್ನು 'ಎಕ್ಸ್‌ಪೋರ್ಟ್' ಎಂದು ಬದಲಿಸಿತು. ಎಡಿಟರ್‌ನ ಒಳಗೆ ಅದು ಹೆಚ್ಚು ನಿಖರವಾದ ಹೆಸರೇ ಹೌದು, ಆದರೆ ಹಳೆಯ ಹೆಸರನ್ನು ನೆಚ್ಚಿಕೊಂಡಿದ್ದ ಸ್ಕ್ರಿಪ್ಟ್‌ಗಳನ್ನೆಲ್ಲ ಕೈಯಾರೆ ತಿದ್ದಬೇಕಾಯಿತು.